ಮಳೆ ಹಿಡಿದ ಮೇಲೆ ಬನ್ನಿ

ಎರಡನೆಯ ಹೆರಿಗೆಯಾದ ಮೇಲೆ ನನ್ನ ಎರಡೂ ಕೆನ್ನೆಗಳಿಗೆ ಬಂಗು ಬಂತು. ಕೊಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ನಿಂತು ಕಾಫಿ ಒಣಗಿಸುವ ಉಸ್ತುವಾರಿ ನನ್ನದೇ ಆದ್ದರಿಂದ, ಸಂಕ್ರಾಂತಿಯ ಹೊತ್ತಿಗೆ ಅದು ಪ್ರತಿ ವರ್ಷ ಇನ್ನಷ್ಟು ಗಾಢವಾಗುತ್ತಿತ್ತು. ಮದ್ದು ಹೇಳದ ನೆಂಟರಿಲ್ಲ. ಕಡಲೆಹಿಟ್ಟು, ಅರಿಸಿನವಾದರೆ ಸರಿ, ತೊಳೆದರೆ ಹೋಗುತ್ತದೆ. ಆದರೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಇಳಿದರೆ ಚರ್ಮ ಸುಟ್ಟು ಕಲೆ ಉಳಿಯಬಹುದು. ಅದನ್ನು ಯಾರೂ ಹೇಳುವುದಿಲ್ಲ.

ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಚರ್ಮವೈದ್ಯೆಯೊಬ್ಬರ ಬಳಿ ಹೋಗಿ, ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಕೆಮಿಕಲ್ ಪೀಲ್ ಮಾಡಿಕೊಡಿ ಎಂದೆ. ತೋಟದ ಕೊಯ್ಲು ಮುಗಿಯಿತೇ ಎಂದು ಕೇಳಿದರು. ರೊಬಸ್ಟಾ ಇನ್ನೂ ಬಾಕಿ ಎಂದೆ. "ಹಾಗಾದರೆ ಮಳೆ ಹಿಡಿದ ಮೇಲೆ ಬನ್ನಿ" ಎಂದು, ಬೆಳಗಿಗೆ ಸನ್‌ಸ್ಕ್ರೀನ್, ರಾತ್ರಿಗೊಂದು ಕ್ರೀಮು ಬರೆದುಕೊಟ್ಟರು. ದುಡ್ಡು ಕೊಡುತ್ತೇನೆಂದರೂ ಬೇಡವೆನ್ನುವವರನ್ನು ಕಂಡು ನನಗೆ ಸಿಟ್ಟೇ ಬಂತು. ಅವರ ವಿವರಣೆ ಮಾತ್ರ ನೇರವಾಗಿತ್ತು. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ವೈದ್ಯರು ಆರಂಭಿಸಿದ ವರ್ಗೀಕರಣದಲ್ಲಿ ಈಗ ಚರ್ಮಕ್ಕೆ, ತೀರ ಬಿಳುಪಿನಿಂದ ತೀರ ಕಪ್ಪಿನವರೆಗೆ, ಆರು ಬಗೆಗಳಿವೆ. ನಮ್ಮಲ್ಲಿ ಬಹುಪಾಲು ಜನ ನಾಲ್ಕು, ಐದನೆಯ ಬಗೆಯವರು. ಇಂಥ ಚರ್ಮ ಸ್ವಲ್ಪ ಕೆರಳಿದರೂ, ಪೀಲ್ ಆದ ಮೇಲೆ ಬಿಸಿಲು ಬಿದ್ದರಂತೂ, ಕಪ್ಪು ಕಲೆ ಬಿಡುತ್ತದೆ. ಬಂಗು ತೆಗೆಯಲು ಹೋಗಿ ಅದರ ಮೇಲೊಂದು ಹೊಸ ಕಲೆ ತಂದುಕೊಂಡವರು ಅವರ ಬಳಿ ಬರುತ್ತಲೇ ಇರುತ್ತಾರಂತೆ.

ಜೂನ್ ಕಳೆದ ಮೇಲೆ ಹೋದೆ. ರಾತ್ರಿಯ ಕ್ರೀಮನ್ನು ಕೆಲವು ದಿನ ಮೊದಲೇ ನಿಲ್ಲಿಸಲು ಹೇಳಿದ್ದರು. ಬಸುರಿಯೇ, ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಬಂದದ್ದುಂಟೇ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದ್ದೀರೇ ಎಂದೆಲ್ಲ ವಿಚಾರಿಸಿದರು. ಮುಖ ತೊಳೆಸಿ, ಜಿಡ್ಡು ಒರೆಸಿ, ತುಟಿಯಂಚಿಗೂ ಮೂಗಿನ ಸಂದಿಗೂ ವ್ಯಾಸಲೀನ್ ಹಚ್ಚಿ, ಕಣ್ಣಿಗೆ ಒದ್ದೆ ಹತ್ತಿ ಇಟ್ಟರು. ನನಗೆ ಹಚ್ಚಿದ್ದು ಕಬ್ಬಿನಲ್ಲೂ ಇರುವ ಗ್ಲೈಕಾಲಿಕ್ ಆಮ್ಲ, ಅದೂ ಕಡಿಮೆ ಸಾಂದ್ರತೆಯದು. ಹಣೆಯಿಂದ ಶುರುವಾದ ಬ್ರಷ್ಷು ಗಲ್ಲಕ್ಕೆ ಬರುವಷ್ಟರಲ್ಲಿ ಹಣೆ ಚುರುಗುಟ್ಟತೊಡಗಿತು. ಆಮೇಲೆ ಕೆನ್ನೆಗಳಲ್ಲಿ ನೂರಾರು ಸೂಜಿಗಳು. ಸಹಾಯಕಿ ಗಡಿಯಾರ ನೋಡುತ್ತಾ ನಿಮಿಷ ಹೇಳುತ್ತಿದ್ದಳು, ವೈದ್ಯೆ ನನ್ನ ಚರ್ಮವನ್ನೇ ನೋಡುತ್ತಿದ್ದರು. ಒಂದು ಕಡೆ ಕೆಂಪೇರಿದ್ದೇ ತಡ, ಸಮಯ ಉಳಿದಿದ್ದರೂ ಸೋಡಾ ಬೈಕಾರ್ಬನೇಟ್ ನೀರು ಸುರಿದು ಆಮ್ಲದ ಆಟ ನಿಲ್ಲಿಸಿದರು. ಗ್ಲೈಕಾಲಿಕ್ ತಾನಾಗಿ ನಿಲ್ಲುವುದಿಲ್ಲ, ನಾವೇ ನಿಲ್ಲಿಸಬೇಕು. ಇಂಥದ್ದನ್ನು ಆನ್‌ಲೈನ್‌ನಲ್ಲಿ ತರಿಸಿ ಕನ್ನಡಿಯ ಮುಂದೆ ನಿಂತು ಬಳಿದುಕೊಳ್ಳುವವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು.

ಮನೆಗೆ ಬಂದಾಗ ಅತ್ತೆ, "ಏನೂ ಆಗೇ ಇಲ್ಲವಲ್ಲ" ಎಂದು ನಿರಾಶರಾದರು. ಕೆಲವು ದಿನಗಳಲ್ಲಿ ಬಾಯಿಯ ಸುತ್ತ ತೆಳುವಾದ ಹೊಟ್ಟು ಎದ್ದಾಗಲೇ ಅವರಿಗೆ ಸಮಾಧಾನ. ಅದನ್ನು ಕೀಳಬಾರದು, ಉಜ್ಜಬಾರದು. ನನಗೆ ಆಮ್ಲದ ಉರಿಗಿಂತ ಕಷ್ಟವಾದದ್ದು ಈ ಸುಮ್ಮನಿರುವಿಕೆ.

ಅದಕ್ಕಿಂತ ದೊಡ್ಡ ತಮಾಷೆ ಸನ್‌ಸ್ಕ್ರೀನಿನದು. ಹೊರಗೆ ಜಡಿಮಳೆ, ನಾನು ಮುಖಕ್ಕೆ ಬಿಳಿ ಲೇಪ ಬಳಿದುಕೊಂಡು ತೋಟಕ್ಕೆ ಹೊರಟಿದ್ದೇನೆ. ಕೆಲಸದ ಹೆಂಗಸರು ಕೊಪ್ಪೆಯೊಳಗಿಂದಲೇ ನಕ್ಕರು. ಒಬ್ಬಳಂತೂ "ಅಮ್ಮಾವ್ರೇ, ಸೂರ್ಯ ಎಲ್ಲಿದ್ದಾನೆ ತೋರಿಸಿ" ಎಂದಳು. ಅತಿನೇರಳೆ ಕಿರಣ ಮೋಡವನ್ನೂ ದಾಟಿ ಬರುತ್ತದೆ ಎಂದು ಹೇಳಿ ನೋಡಿದೆ, ನಗು ಇನ್ನೂ ಜೋರಾಯಿತು.

ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡಿಸಿಕೊಂಡೆ. ಬಂಗು ತಿಳಿಯಾಗಿದೆ, ಹೋಗಿಲ್ಲ. ಹೋಗುತ್ತದೆಂದು ವೈದ್ಯೆ ಹೇಳಿಯೂ ಇರಲಿಲ್ಲ. ಬಿಸಿಲಿಗೆ ಬಿದ್ದರೆ ಮರಳಿ ಬರುವ ಜಾತಿಯದು ಅದು. ಹಾಗಾಗಿ ಈ ಸಲದ ಕೊಯ್ಲಿಗೆ ಕೂಲಿಯ ಲೆಕ್ಕ, ಚೀಟಿ ಬರೆಯುವ ಕೆಲಸ ನನ್ನದು, ನೆರಳಿನಲ್ಲಿ. ಕಣದ ಉಸ್ತುವಾರಿ ಯಜಮಾನರದು. ಅವರು ಇನ್ನೂ ಒಪ್ಪಿಲ್ಲ.