ಲೇಬಲ್‌ನಲ್ಲಿ ಕಾಣೆಯಾದ ಮೂರನೇ ಸಾಲು

2012ರಲ್ಲಿ ಬೆಂಗಳೂರಿನ ಒಂದು ಆನ್‌ಲೈನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಹೆಸರು ಬೇಡ, ಆ ಕಂಪನಿ ಈಗ ಇಲ್ಲ. ವಾಪಸ್ ಬಂದ ಪಾರ್ಸೆಲ್‌ಗಳ ಲೆಕ್ಕ ನೋಡುವುದು ನನ್ನ ಕೆಲಸ. ಅದಕ್ಕೆ ನಾವು ಆರ್‌ಟಿಒ ಅನ್ನುತ್ತಿದ್ದೆವು, ಅಂದರೆ ರಿಟರ್ನ್ ಟು ಒರಿಜಿನ್. ಊರಲ್ಲಿ ಮಾವ ಇದನ್ನು ಕೇಳಿ, ಡ್ರೈವಿಂಗ್ ಲೈಸೆನ್ಸ್ ಬೇಗ ಮಾಡಿಸಿಕೊಡು ಅಂತ ಹಿಂದೆ ಬಿದ್ದಿದ್ದರು.

ನನ್ನ ತಲೆನೋವಿನ ಹೆಸರು ಸಿಒಡಿ, ಅಂದರೆ ಕ್ಯಾಶ್ ಆನ್ ಡೆಲಿವರಿ. ಕಾರ್ಡಲ್ಲಿ ಮೊದಲೇ ದುಡ್ಡು ಕೊಟ್ಟವರ ಪಾರ್ಸೆಲ್ ವಾಪಸ್ ಬರುವುದು ಅಪರೂಪ. ಬಾಗಿಲಲ್ಲಿ ದುಡ್ಡು ಕೊಡ್ತೀನಿ ಅಂದವರದು ಬರುತ್ತಲೇ ಇತ್ತು, ಹೋಗುವ ಖರ್ಚೂ ನಮ್ಮದೇ, ಬರುವ ಖರ್ಚೂ ನಮ್ಮದೇ. ಹಾಗಂತ ಅದನ್ನು ಬಿಡುವ ಹಾಗೂ ಇರಲಿಲ್ಲ. ಬೆಂಗಳೂರಲ್ಲಿ 1999ರಲ್ಲೇ ಫ್ಯಾಬ್‌ಮಾರ್ಟ್ ಅನ್ನುವ ಆನ್‌ಲೈನ್ ಅಂಗಡಿ ಶುರುವಾಗಿತ್ತು. ಆದರೆ ಆಗ ನೆಟ್ ಇದ್ದವರೇ ಕಡಿಮೆ, ಕಾರ್ಡ್ ಇದ್ದವರು ಇನ್ನೂ ಕಡಿಮೆ. 2009ರಲ್ಲಿ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಇನ್ನೊಂದು ಪಾಸ್‌ವರ್ಡ್ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಆ ಕಾಲದ ನೆಟ್‌ನಲ್ಲಿ ಪುಟ ಅರ್ಧಕ್ಕೆ ನಿಂತರೆ ದುಡ್ಡು ಹೋಯಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. 2007ರಲ್ಲಿ ಪುಸ್ತಕ ಮಾರುತ್ತಾ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಸಿಒಡಿ ತಂದಿತು. ಆಮೇಲೆ ಅದು ಇಲ್ಲದ ಅಂಗಡಿಗೆ ಜನ ಬರುವುದೇ ಅನುಮಾನ ಅನ್ನುವಂತಾಯಿತು.

ನಾನು ಎಕ್ಸೆಲ್ ತೆರೆದು ಕೂತೆ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಕೆಲವು ಪಿನ್‌ಕೋಡ್‌ಗಳಲ್ಲಿ ಮೂರಕ್ಕೊಂದು ಪಾರ್ಸೆಲ್ ವಾಪಸ್. ಕಾರಣದ ಕಾಲಮ್ಮಿನಲ್ಲಿ 'ಗ್ರಾಹಕರು ಬೇಡ ಅಂದರು'. ಸುಮ್ನೆ ತಮಾಷೆಗೆ ಆರ್ಡರ್ ಮಾಡ್ತಾರೆ ಅಂತ ತೀರ್ಮಾನಿಸಿ, ಆ ಪಿನ್‌ಕೋಡ್‌ಗಳಿಗೆ ಸಿಒಡಿ ನಿಲ್ಲಿಸೋಣ ಅಂದೆ. ಬಾಸ್ ಒಪ್ಪಿದರು. ಆರ್‌ಟಿಒ ಇಳಿಯಿತು, ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಮುಂದಿನ ತಿಂಗಳು ನೋಡಿದರೆ ಆ ಕಡೆಯ ಆರ್ಡರೇ ಇಲ್ಲ.

ಅದೇ ಹೊತ್ತಿಗೆ ಶಿರಸಿ ಕಡೆಯಿಂದ ಒಬ್ಬ ಹಿರಿಯರ ಫೋನ್ ಬಂತು. ಕನ್ನಡ ಗೊತ್ತಿದ್ದವರು ಯಾರೂ ಸೀಟಲ್ಲಿ ಇರಲಿಲ್ಲ ಅಂತ ನನಗೆ ಕೊಟ್ಟರು. "ಮೈಸೂರಿಂದ ವಿಪಿಪಿಯಲ್ಲಿ, ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು, ಎಷ್ಟೋ ಪುಸ್ತಕ ತರಿಸಿದ್ದೇನೆ. ಒಂದೂ ವಾಪಸ್ ಕಳಿಸಿದವನಲ್ಲ. ನಿಮ್ಮ ಪಾರ್ಸೆಲ್ ನಮ್ಮ ಮನೆಗೆ ಬಂದೇ ಇಲ್ಲ. ಬೇಡ ಅಂದದ್ದು ಯಾರು?"

ಗೋಡೌನಿಗೆ ಹೋಗಿ ಅವರ ಡಬ್ಬಿ ಹುಡುಕಿದೆ. ಅಷ್ಟು ತಿಂಗಳಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು, ನಾಚಿಕೆಯ ವಿಷಯ. ಲೇಬಲ್ ಮೇಲೆ ಹೆಸರು, ಊರು, ಪಿನ್, ಫೋನ್ ಎಲ್ಲ ಇತ್ತು. ಕಂಪ್ಯೂಟರಿನಲ್ಲಿ ವಿಳಾಸಕ್ಕೆ ಇನ್ನೊಂದು ಸಾಲಿತ್ತು: 'ಸೊಸೈಟಿ ದಾಟಿ ಎಡಕ್ಕೆ, ಕೆರೆ ಏರಿ ಮೇಲಿನ ಮನೆ'. ಅದು ಪ್ರಿಂಟೇ ಆಗಿರಲಿಲ್ಲ.

ಲೇಬಲ್ ಮಾಡಿದವರು ಬೆಂಗಳೂರಿನವರು. ಮನೆ ನಂಬರ್, ಮೇನ್, ಕ್ರಾಸ್ ಎರಡು ಸಾಲಿನಲ್ಲಿ ಮುಗಿಯುತ್ತದೆ, ಅಲ್ವಾ? ಮಲೆನಾಡಿನ ಒಂಟಿಮನೆಗೆ ಆ ಮೂರನೇ ಸಾಲೇ ವಿಳಾಸ. 1972ರಲ್ಲಿ ಬಂದ ಪಿನ್‌ಕೋಡ್ ಅಂಚೆ ಕಚೇರಿಯ ತನಕ ಮುಟ್ಟಿಸುತ್ತದೆ. ಅಲ್ಲಿಂದ ಮುಂದಿನ ದಾರಿ ಪೋಸ್ಟ್‌ಮ್ಯಾನ್ ತಲೆಯಲ್ಲಿ ಇರುತ್ತಿತ್ತು. ನಾವು ಅಂಚೆಯವರಿಂದ ಪಿನ್‌ಕೋಡ್ ತಗೊಂಡೆವು, ಪೋಸ್ಟ್‌ಮ್ಯಾನ್‌ನನ್ನು ತಗೊಳ್ಳಲಿಲ್ಲ. ಕೊರಿಯರ್ ಹುಡುಗ ಫೋನ್ ಮಾಡಿದರೆ ಘಟ್ಟದಲ್ಲಿ ಸಿಗ್ನಲ್ ಇಲ್ಲ. ಸಂಜೆ ಲೆಕ್ಕ ಮುಗಿಸಬೇಕು, 'ಬೇಡ ಅಂದರು' ಅಂತ ಒತ್ತಿ ಮನೆಗೆ ಹೋಗುತ್ತಿದ್ದ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

ಅಕ್ಷರ ಚಿಕ್ಕದು ಮಾಡಿ ಮೂರನೇ ಸಾಲು ಸೇರಿಸಲು ಅರ್ಧ ದಿನ ಸಾಕಾಯಿತು. ಸಿಒಡಿ ಮತ್ತೆ ಶುರು ಮಾಡಿಸಲು ಎರಡು ತಿಂಗಳು ಮೀಟಿಂಗ್. ವಾಪಸ್ ಬರುವುದು ಪೂರ್ತಿ ನಿಲ್ಲಲಿಲ್ಲ. ನಿಜವಾಗಿಯೂ ತಮಾಷೆಗೆ ತರಿಸುವವರು ಇದ್ದಾರೆ, ಜಾಸ್ತಿ ಮಂದಿ ಬೆಂಗಳೂರಲ್ಲೇ! ಈಗ ಯುಪಿಐ ಬಂದಮೇಲೆ ಬಾಗಿಲಲ್ಲೇ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ. ನೋಟು ಕಡಿಮೆಯಾಯಿತು, ಡಬ್ಬಿ ನೋಡಿದ ಮೇಲೇ ದುಡ್ಡು ಕೊಡುವ ಅಭ್ಯಾಸ ಉಳಿದಿದೆ.

ಆ ಹಿರಿಯರ ಪಾರ್ಸೆಲ್ಲಿನ ಲೇಬಲ್ ಮೇಲೆ ಮೂರನೇ ಸಾಲನ್ನು ನಾನೇ ಪೆನ್ನಲ್ಲಿ ಬರೆದು ಕಳಿಸಿದೆ. ವಾರದೊಳಗೆ ದುಡ್ಡು ಬಂತು. ಒಳಗಿದ್ದದ್ದು ಹಳೇ ಮಿಕ್ಸಿಯ ಒಂದು ಜಾರ್. ಆ ಮಾಡೆಲ್ಲಿನದು ಅವರ ಪೇಟೆಯಲ್ಲಿ ಸಿಗುತ್ತಿರಲಿಲ್ಲವಂತೆ.