ಗುಟುಕು ನೀರಿನ ದಿನಗಳು

ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆದ ಮೇಲೆ ಹಸಿವೆಲ್ಲ ದೊಡ್ಡ ಸಂಗತಿಯೇ ಅಲ್ಲ ಮಾರಾಯ್ರೆ, ಈ ತಲೆಸುತ್ತೇ ಸಾಕೋ ಸಾಕು. ಮಂಚದಲ್ಲಿ ಕೂತು, ಸ್ವಲ್ಪ ಕಾಲಾಡಿಸಿ, ಆಮೇಲೆ ಏಳುವುದು. ಬರೀ ಎದ್ದು ನಿಲ್ಲುವುದಕ್ಕೂ ಇಷ್ಟು ಲೆಕ್ಕಾಚಾರ ಇದೆಯೆಂದು ಯಾರಿಗೆ ಗೊತ್ತಿತ್ತು! ದಿನಕ್ಕೆ 1.5 ಲೀಟರಾದರೂ ನೀರು ಹೋಗಬೇಕು, ಅದೂ ಗುಟುಕು ಗುಟುಕಾಗಿ. ಮಂಗಳೂರಿನ ಸೆಕೆಯಲ್ಲಿ ಕುಡಿದದ್ದಕ್ಕಿಂತ ಬೆವರಿದ್ದೇ ಜಾಸ್ತಿ. ಅಮ್ಮ ಕುಚ್ಚಲಕ್ಕಿ ಗಂಜಿಯ ತಿಳಿಗೆ ಚೂರು ಉಪ್ಪು ಹಾಕಿ ಸ್ಟೀಲ್ ಲೋಟದಲ್ಲಿ ತಂದಿಡುತ್ತಾರೆ, ಚಮಚ ಸಮೇತ. ತೂಕ ಇಳಿದಾಗ ಹಳೆಯ ಬಿಪಿ ಮಾತ್ರೆಯೇ ಹೆಚ್ಚಾಗಿಯೂ ತಲೆ ತಿರುಗುತ್ತದಂತೆ. ಡಾಕ್ಟರು ನೋಡಿ ಡೋಸ್ ಕಮ್ಮಿ ಮಾಡಿದ್ದಾರೆ. ನೋಡಲು ಬಂದವರದ್ದು ಮಾತ್ರ ಒಂದೇ ಮದ್ದು: "ಸರಿಯಾಗಿ ಊಟ ಮಾಡು ಮಾರಾಯ, ಎಲ್ಲ ಸರಿಯಾಗ್ತದೆ!"