ಪೆನ್ಷನ್ ಖಾತೆಗೆ ಕೋರ್ಟ್ ನೋಟಿಸ್ ಬಂದಾಗ ನಾನು ಕಲಿತದ್ದು

ನಾನು ಬ್ಯಾಂಕಿನಲ್ಲಿ ಅಧಿಕಾರಿ. ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ಆಯಿತು. ಬಹುಪಾಲು ತುಮಕೂರು ಜಿಲ್ಲೆಯ ತಾಲ್ಲೂಕು ಶಾಖೆಗಳಲ್ಲೇ ಕಳೆದಿದ್ದೇನೆ. ತಿಂಗಳ ಮೊದಲ ವಾರ ಬಂತೆಂದರೆ ನಾವು ಬಾಗಿಲು ತೆಗೆಯುವ ಮುಂಚೆಯೇ ಪೆನ್ಷನ್‌ದಾರರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವರಲ್ಲಿ ಒಬ್ಬರಿಗೆ ನನ್ನಿಂದ ಎರಡು ತಿಂಗಳು ತೊಂದರೆಯಾಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಅವರು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಹಾಲಿನ ಕವರ್ ತೊಳೆದು ಒಣಗಿಸಿ, ಅದರೊಳಗೆ ಪಾಸ್‌ಬುಕ್ ಇಟ್ಟುಕೊಂಡು ಬರುತ್ತಿದ್ದರು. ಆ ದಿನ ಹದಿನೈದು ಸಾವಿರಕ್ಕೆ ಚೀಟಿ ಬರೆದು ಕೊಟ್ಟರು. ಮುತ್ತು ಪೋಣಿಸಿದಂಥ ಅಕ್ಷರ. ಕ್ಯಾಷಿಯರ್ ಕಂಪ್ಯೂಟರ್ ನೋಡಿ ಚೀಟಿಯನ್ನು ವಾಪಸ್ ಕೊಟ್ಟರು. ಖಾತೆಗೆ ತಡೆ ಇತ್ತು. ನಾಲ್ಕು ದಿನದ ಹಿಂದೆ ಆ ತಡೆ ಹಾಕಿದವಳು ನಾನೇ.

“ಯಾಕೆ ಮೇಡಂ, ಪೆನ್ಷನ್ ಬಂದಿಲ್ವಾ?” ಅಂತ ನನ್ನ ಟೇಬಲ್ ಹತ್ತಿರ ಬಂದರು.

“ಬಂದಿದೆ ಮೇಷ್ಟ್ರೇ. ಆದರೆ ಕೋರ್ಟಿಂದ ನೋಟಿಸ್ ಬಂದಿದೆ. ಕೊಡೋಕಾಗಲ್ಲ.”

ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ, “ಮನೇಲಿ ಇನ್ಸುಲಿನ್ ಮುಗಿದಿದೆ ಕಣಮ್ಮಾ” ಅಂದರು. ಅಷ್ಟೇ. ಜೋರು ಮಾಡಲಿಲ್ಲ, ಬೈಯಲಿಲ್ಲ. ಪಾಸ್‌ಬುಕ್ಕನ್ನು ಮತ್ತೆ ಕವರಿಗೆ ಹಾಕಿಕೊಂಡು ಹೋದರು.

ಆಗಿದ್ದು ಇಷ್ಟು. ಪಕ್ಕದ ಮನೆಯವರೊಬ್ಬರು ಫೈನಾನ್ಸ್‌ನಲ್ಲಿ ಸಾಲ ಮಾಡಿದ್ದರು. ಮೇಷ್ಟ್ರು ಜಾಮೀನು ಹಾಕಿದ್ದರು. ಸಾಲ ತೆಗೆದುಕೊಂಡವರು ಕಟ್ಟಲಿಲ್ಲ. ಮೇಷ್ಟ್ರಿಗೂ ಸಮನ್ಸ್ ಬಂದಿತ್ತು. “ನಾನು ನೋಡ್ಕೋತೀನಿ ಬಿಡಿ ಮೇಷ್ಟ್ರೇ” ಅಂತ ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಕೋರ್ಟಿನ ಕಡೆ ಹೋಗಿರಲಿಲ್ಲ. ಹಣ ಕಟ್ಟಬೇಕು ಅಂತ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಆಯಿತು. ಅದರಂತೆ ವಸೂಲು ಮಾಡಿಸಿಕೊಡಿ ಅಂತ ಫೈನಾನ್ಸ್‌ನವರು ಅಮಲ್ಜಾರಿ ಅರ್ಜಿ ಹಾಕಿದರು. ನಮ್ಮ ಶಾಖೆಗೆ ಗಾರ್ನಿಷೀ ನೋಟಿಸ್ ಬಂತು. ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಮೊದಲು ಅವರನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನೋಕೆ ಸಾಮಾನ್ಯವಾಗಿ ಬರುವುದಿಲ್ಲ.

ಗಾರ್ನಿಷೀ ನೋಟಿಸ್ ಅಂದರೆ, ಸಾಲಗಾರರ ಹಣ ಯಾರ ಹತ್ತಿರ ಇದೆಯೋ ಅವರಿಗೆ ಕೋರ್ಟ್ ಕಳಿಸುವ ನೋಟಿಸ್. ‘ಆ ಹಣವನ್ನು ಕೋರ್ಟಿಗೆ ಕಟ್ಟಿ, ಇಲ್ಲವೇ ಹಾಜರಾಗಿ ಯಾಕೆ ಕಟ್ಟಬಾರದು ಅಂತ ಹೇಳಿ’ ಎಂದು ಅದರಲ್ಲಿ ಇರುತ್ತದೆ. ಈ ಎರಡನೇ ಮಾತನ್ನು ನಾನು ಓದಿದ್ದೆ, ಮನಸ್ಸಿಗೆ ತಗೊಂಡಿರಲಿಲ್ಲ. ಖಾತೆಗೆ ತಡೆ ಹಾಕಿ, ಎಫ್‌ಡಿಗೂ ತಡೆ ಹಾಕಿ, ‘ಉಳಿತಾಯ ಖಾತೆಯಲ್ಲಿ ಇಷ್ಟಿದೆ, ಠೇವಣಿಯಲ್ಲಿ ಆರು ಲಕ್ಷ ಇದೆ, ತಡೆಹಿಡಿದಿದ್ದೇವೆ’ ಅಂತ ಎರಡು ಸಾಲಿನ ಉತ್ತರ ಕಳಿಸಿದ್ದೆ. ಆ ಹಣ ಎಲ್ಲಿಂದ ಬಂತು ಅಂತ ಒಂದು ಅಕ್ಷರ ಬರೆದಿರಲಿಲ್ಲ. ಕೋರ್ಟಿಗೆ ಕಾಣಿಸಿದ್ದು ಬರೀ ಮೊತ್ತ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಶಾಖೆಯ ಪ್ಯಾನೆಲ್ ವಕೀಲರನ್ನು ಕೇಳಿದೆ. ಅವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ತೆಗೆದು ಮುಂದೆ ಇಟ್ಟರು. 1908ರ ಕಾನೂನು. ಡಿಕ್ರಿ ಆದರೂ ಏನೇನು ಜಪ್ತಿ ಮಾಡುವಂತಿಲ್ಲ ಅನ್ನುವ ಪಟ್ಟಿ ಅದರಲ್ಲಿದೆ. ಇಷ್ಟು ವರ್ಷ ಕೆಲಸ ಮಾಡಿದ ನಾನು ಅದನ್ನು ಒಂದು ಸಲವೂ ಪೂರ್ತಿ ಓದಿರಲಿಲ್ಲ.

ಪೆನ್ಷನ್ ಮತ್ತು ಗ್ರಾಚ್ಯುಟಿ ಜಪ್ತಿಗೆ ಬರುವುದಿಲ್ಲ. ಇದು ಸರ್ಕಾರಿ ನೌಕರರಿಗೆ ಮಾತ್ರ ಅಲ್ಲ, ಬೇರೆ ಯಾವುದೇ ಮಾಲೀಕರ ಹತ್ತಿರ ದುಡಿದು ನಿವೃತ್ತರಾದವರಿಗೂ ಉಂಟು. ಸರ್ಕಾರಿ ಪೆನ್ಷನ್‌ಗಂತೂ 1871ರ ಪೆನ್ಷನ್ ಕಾಯ್ದೆಯ 11ನೇ ಕಲಂ ಬೇರೆ ಇದೆ. ಪಿಎಫ್, ಜಿಪಿಎಫ್, ಪಿಪಿಎಫ್ ಅನ್ನುವ ಭವಿಷ್ಯ ನಿಧಿಗಳ ಹಣಕ್ಕೂ ರಕ್ಷಣೆ ಇದೆ. ಜೀವ ವಿಮೆ ಪಾಲಿಸಿಯಿಂದ ಬರುವ ಹಣಕ್ಕೂ ಇದೆ. ಕೂಲಿ ಕಾರ್ಮಿಕರ, ಮನೆಗೆಲಸದವರ ಕೂಲಿಯನ್ನು ಮುಟ್ಟುವಂತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆಬರೆ, ಕುಶಲಕರ್ಮಿಯ ಸಲಕರಣೆ, ಹೆಂಗಸಿನ ಕೊರಳ ತಾಳಿ, ಇವೂ ಆ ಪಟ್ಟಿಯಲ್ಲಿವೆ. ಬರೆದವರು ಬಡವರ ಮನೆಯೊಳಗೆ ಒಂದು ಸಲ ಕಣ್ಣಾಡಿಸಿಯೇ ಬರೆದಿದ್ದಾರೆ ಅನ್ನಿಸಿತು ನನಗೆ.

ಇನ್ನೂ ನೌಕರಿಯಲ್ಲಿ ಇರುವವರ ಸಂಬಳದ ಲೆಕ್ಕ ಬೇರೆ. ಮೊದಲ 1,000 ರೂಪಾಯಿ ಬಿಟ್ಟು, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ನಿಮ್ಮದೇ. ಲೆಕ್ಕಕ್ಕೆ ಬರುವ ಸಂಬಳ 31,000 ಅಂತ ಇಟ್ಟುಕೊಳ್ಳಿ. ಒಂದು ಸಾವಿರ ತೆಗೆದರೆ 30,000. ಅದರಲ್ಲಿ 20,000 ಮುಟ್ಟುವಂತಿಲ್ಲ, ಜಪ್ತಿಗೆ ಸಿಗುವುದು ಹೆಚ್ಚೆಂದರೆ 10,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹೀಗೆ ಹಿಡಿದ ಮೇಲೆ, ಅದೇ ಡಿಕ್ರಿಗೆ ಆ ಸಂಬಳವನ್ನು ಮತ್ತೆ ಹಿಡಿಯುವಂತಿಲ್ಲ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿ ಆದರೆ ಇಷ್ಟು ರಿಯಾಯಿತಿ ಇಲ್ಲ. ಆಗ ಉಳಿಯುವುದು ಮೂರನೇ ಒಂದು ಭಾಗ ಮಾತ್ರ. ಅದು ನ್ಯಾಯವೇ, ಅಲ್ವಾ?

ಮೇಷ್ಟ್ರ ವಿಷಯದಲ್ಲಿ ನಿಜವಾದ ತಕರಾರು ಬಂದದ್ದು ಆರು ಲಕ್ಷದ ಎಫ್‌ಡಿಗೆ. ಅದು ಅವರ ಡಿಸಿಆರ್‌ಜಿ ಹಣ, ಅಂದರೆ ಸರ್ಕಾರಿ ನೌಕರರ ಗ್ರಾಚ್ಯುಟಿ, ನಿವೃತ್ತಿ ದಿನ ಕೈಗೆ ಬಂದದ್ದು. ‘ಗ್ರಾಚ್ಯುಟಿ ಅವರ ಕೈಗೆ ಸೇರಿ ಆಯಿತು, ಈಗ ಅದು ಬರೀ ಠೇವಣಿ’ ಅಂತ ಫೈನಾನ್ಸ್‌ನ ವಕೀಲರ ವಾದ. ಮೇಲ್ನೋಟಕ್ಕೆ ಸರಿ ಅನ್ನಿಸುವ ಮಾತು. ಆದರೆ ಸುಪ್ರೀಂ ಕೋರ್ಟ್ 2008ರ ನವೆಂಬರಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ರಾಧೇಶ್ಯಾಮ್ ಗುಪ್ತಾ ಅವರ ಪ್ರಕರಣ. ಪೆನ್ಷನ್, ಗ್ರಾಚ್ಯುಟಿ ಹಣ ಕೈಗೆ ಬಂದು ಠೇವಣಿಯಾದ ಮೇಲೂ ತನ್ನ ಗುಣ ಕಳೆದುಕೊಳ್ಳುವುದಿಲ್ಲ, 60ನೇ ಕಲಂನ ರಕ್ಷಣೆ ಅದಕ್ಕೆ ಮುಂದುವರಿಯುತ್ತದೆ ಅಂತ ಆ ತೀರ್ಪು ಹೇಳುತ್ತದೆ.

ಕಾನೂನು ಇದ್ದರೆ ಸಾಲದು, ಕೋರ್ಟಿನ ಮುಂದೆ ಅದನ್ನು ಯಾರಾದರೂ ಎತ್ತಿ ಹೇಳಬೇಕು. ಮೇಷ್ಟ್ರ ಹಳೇ ಶಿಷ್ಯರೊಬ್ಬರು ವಕೀಲರು, ಅವರು ವಕಾಲತ್ತು ಹಾಕಿ ಆಕ್ಷೇಪಣೆ ಸಲ್ಲಿಸಿದರು. ಈ ಕಡೆ ನಾನು ಬ್ಯಾಂಕಿನ ಪರವಾಗಿ ಹೊಸ ಉತ್ತರ ಬರೆದೆ. ಅದಕ್ಕೆ ಎರಡು ದಿನ ಹಿಡಿಯಿತು. ಮೂರು ವರ್ಷದ ಸ್ಟೇಟ್‌ಮೆಂಟ್ ತೆಗೆದು, ಖಜಾನೆಯಿಂದ ಬಂದ ಪ್ರತಿ ಜಮೆಯ ಪಕ್ಕ ಪೆನ್ಸಿಲ್ ಗುರುತು ಹಾಕಿದೆ. ಡಿಸಿಆರ್‌ಜಿ ಜಮೆಯಾದ ದಿನ, ಅದರಿಂದ ಎಫ್‌ಡಿ ಮಾಡಿದ ದಿನ, ನಡುವೆ ಆರೇ ದಿನ ಅಂತರ. ಆ ಎರಡು ಸಾಲು ಒಂದೇ ಪುಟದಲ್ಲಿ ಇದ್ದವು. ಆ ಪುಟವನ್ನು ದೃಢೀಕರಿಸಿ ಮೊದಲಿಗೆ ಇಟ್ಟೆ, ಜೊತೆಗೆ ಪಿಪಿಓ, ಅಂದರೆ ಪೆನ್ಷನ್ ಪಾವತಿ ಆದೇಶದ ಪ್ರತಿ.

ಆ ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಪ್ರತಿ ತಿಂಗಳು ಪೆನ್ಷನ್ ಜೊತೆ 3,500 ರೂಪಾಯಿ ಬೇರೆ ಜಮೆಯಾಗುತ್ತಿತ್ತು, ಅವರ ಪುಟ್ಟ ಮಳಿಗೆಯ ಬಾಡಿಗೆ. ಬಾಡಿಗೆಗೆ ಈ ರಕ್ಷಣೆ ಇಲ್ಲ. ಖಾತೆಯಲ್ಲಿದ್ದದ್ದರಲ್ಲಿ ಎಷ್ಟು ಪೆನ್ಷನ್, ಎಷ್ಟು ಬಾಡಿಗೆ ಅಂತ ಬಿಡಿಸುವುದಕ್ಕೆ ಒಂದು ವಾಯಿದೆ ಪೂರ್ತಿ ಹೋಯಿತು. ಎರಡು ತಿಂಗಳಾದ ಮೇಲೆ ಆದೇಶ ಬಂತು. ಪೆನ್ಷನ್ ಮತ್ತು ಎಫ್‌ಡಿ ಬಿಡುಗಡೆಯಾಯಿತು, ಬಾಡಿಗೆಯ 42,000 ಜಪ್ತಿಗೆ ಹೋಯಿತು.

ಅಲ್ಲಿಂದ ಪೆನ್ಷನ್ ಖಾತೆ ತೆರೆಯಲು ಯಾರೇ ಬಂದರೂ ನಾನೇ ಕೂರಿಸಿಕೊಂಡು ಹೇಳುತ್ತೇನೆ. ಪೆನ್ಷನ್ ಬರುವ ಖಾತೆಗೆ ಬೇರೆ ಏನನ್ನೂ ಹಾಕಬೇಡಿ. ಬಾಡಿಗೆ, ಜಮೀನು ಮಾರಿದ ಹಣ, ಮಗ ಕಳಿಸುವ ಹಣ, ಎಲ್ಲ ಇನ್ನೊಂದು ಖಾತೆಗೆ ಹೋಗಲಿ. ಗ್ರಾಚ್ಯುಟಿಯನ್ನು ಎಫ್‌ಡಿ ಮಾಡುವುದಾದರೆ ಅದೇ ಖಾತೆಯಿಂದ ನೇರವಾಗಿ ಮಾಡಿ, ಬೇರೆ ದುಡ್ಡು ಸೇರಿಸಬೇಡಿ. ಸಾಧ್ಯವಾದರೆ, ನಿಮ್ಮ ಸಾಲವೋ ಜಾಮೀನೋ ಇರುವ ಬ್ಯಾಂಕಿನಲ್ಲಿ ಪೆನ್ಷನ್ ಖಾತೆ ಇಟ್ಟುಕೊಳ್ಳಬೇಡಿ. ನಾನೇ ಬ್ಯಾಂಕಿನವಳಾಗಿ ಇದನ್ನು ಹೇಳುತ್ತಿದ್ದೇನೆ. ಕೋರ್ಟ್ ಜಪ್ತಿ ಬೇರೆ, ನೀವೇ ಸಹಿ ಹಾಕಿಕೊಟ್ಟ ಪತ್ರದ ಮೇಲೆ ತಿಂಗಳ ಕಂತು ಕಡಿತವಾಗುವುದು ಬೇರೆ. ಪೆನ್ಷನ್ ಸಾಲ ತಗೊಂಡು ಕಂತಿಗೆ ಒಪ್ಪಿಗೆ ಕೊಟ್ಟವರು 60ನೇ ಕಲಂ ತೋರಿಸಿದರೆ ಕಂತು ತಾನಾಗಿ ನಿಲ್ಲುವುದಿಲ್ಲ. ಅಡ ಇಟ್ಟ ಮನೆಗೂ ಒಡವೆಗೂ ಇದು ಕಾಪಾಡುವುದಿಲ್ಲ. ಸಹಿ ಹಾಕಿದ ಖಾಲಿ ಚೆಕ್ ಯಾರಿಗೂ ಕೊಡಬೇಡಿ. ಚೆಕ್ ಬೌನ್ಸ್ ಆದರೆ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೆಳಗೆ ಕ್ರಿಮಿನಲ್ ಕೇಸ್, ಅಲ್ಲಿ ಈ ಪಟ್ಟಿ ನಡೆಯುವುದಿಲ್ಲ.

ಕೆಲವು ಫೈನಾನ್ಸ್‌ನವರು ‘ನನ್ನ ಪೆನ್ಷನ್ ಜಪ್ತಿ ಮಾಡಿದರೆ ತಕರಾರಿಲ್ಲ’ ಅಂತ ಮೊದಲೇ ಬರೆಸಿಕೊಂಡಿರುತ್ತಾರೆ. ಅದನ್ನು ತೋರಿಸಿ ಹೆದರಿಸುತ್ತಾರೆ. ಹೆದರಬೇಡಿ. ಈ ರಕ್ಷಣೆಯನ್ನು ಬಿಟ್ಟುಕೊಡುತ್ತೇನೆ ಅನ್ನುವ ಯಾವ ಕರಾರೂ ಊರ್ಜಿತವಲ್ಲ ಅಂತ 60ನೇ ಕಲಂನ (1ಎ) ಉಪಕಲಂ ನೇರವಾಗಿ ಹೇಳುತ್ತದೆ.

ಹೋದ ವರ್ಷ ಒಬ್ಬ ಅಮ್ಮ ಬಂದರು. ಗಂಡ ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು, ತೀರಿಕೊಂಡ ಮೇಲೆ ಇವರಿಗೆ ಕುಟುಂಬ ಪಿಂಚಣಿ. ಎಟಿಎಂ ಕಾರ್ಡ್ ಬಡ್ಡಿ ಸಾಲ ಕೊಟ್ಟವನ ಹತ್ತಿರ ಇತ್ತು. ಪಿನ್ ಕೂಡ ಅವನಿಗೆ ಗೊತ್ತು. ಒಂದನೇ ತಾರೀಕು ಅವನೇ ತೆಗೆದು, ಇವರ ಕೈಗೆ ಎರಡು ಸಾವಿರ ಕೊಡುತ್ತಿದ್ದ. “ನಾನೇ ಕೊಟ್ಟಿದ್ದೀನಲ್ಲ ಮೇಡಂ, ಈಗ ವಾಪಸ್ ಕೇಳಿದ್ರೆ ತಪ್ಪಾಗಲ್ವಾ?” ಅಂತ ಕೇಳಿದರು. “ತಪ್ಪಿಲ್ಲ ಕಣಮ್ಮ” ಅಂದೆ. ಮುಂದೆ ಬರಬೇಕಾದ ಸರ್ಕಾರಿ ಪೆನ್ಷನ್ ಹಣವನ್ನು ಅಡ ಇಡುವುದು, ಇನ್ನೊಬ್ಬರಿಗೆ ಬರೆದುಕೊಡುವುದು 1871ರ ಕಾಯ್ದೆಯ 12ನೇ ಕಲಂ ಪ್ರಕಾರ ಸಿಂಧುವೇ ಅಲ್ಲ. ಅಲ್ಲೇ ಕಾರ್ಡ್ ಬ್ಲಾಕ್ ಮಾಡಿದೆವು. ಹೊಸ ಕಾರ್ಡ್ ಬೇಡ, ಚೀಟಿ ಬರೆದೇ ತೆಗೆದುಕೊಳ್ಳುತ್ತೇನೆ ಅಂದರು. ಹಾಗೇ ಮಾಡಿದೆವು. ಅವನು ಮನೆ ಹತ್ತಿರ ಬಂದು ಕೂಗಾಡಿದರೆ ಪೊಲೀಸರಿಗೆ ದೂರು ಕೊಡಿ ಅಂತಲೂ ಹೇಳಿ ಕಳಿಸಿದೆ. ಸಾಲ ವಸೂಲಿಗೆ ಕಿರುಕುಳ ಕೊಡುವವರ ಮೇಲೆ ಕರ್ನಾಟಕದಲ್ಲಿ 2025ರಲ್ಲಿ ಹೊಸ ಕಾನೂನೇ ಬಂದಿದೆ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ಬ್ಯಾಂಕ್, ಫೈನಾನ್ಸ್ ಕಂಪನಿಗಳ ವಸೂಲಿಯವರಿಗೂ ಮಿತಿ ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಸುತ್ತೋಲೆ ಹೊರಡಿಸಿದೆ. ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, 14448ಕ್ಕೆ ಫೋನ್ ಮಾಡಿ ಮಾಹಿತಿ ಕೇಳಬಹುದು. ವಕೀಲರನ್ನು ಇಡಲು ದುಡ್ಡಿಲ್ಲದವರು ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ಲೋಕ ಅದಾಲತ್‌ನಲ್ಲಿ ರಾಜಿಗೆ ಸಹಿ ಹಾಕುವ ಮುಂಚೆ ಮಾತ್ರ, ತಿಂಗಳಿಗೆ ಎಷ್ಟು ಕಟ್ಟಲು ಆಗುತ್ತದೆ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿಕೊಂಡು ಹೋಗಿ. ಅಲ್ಲಿ ಆದದ್ದಕ್ಕೆ ಅಪೀಲು ಇಲ್ಲ.

ನಮ್ಮ ಶಾಖೆಯಲ್ಲಿ ಈಗ ಕೋರ್ಟ್ ನೋಟಿಸ್ ಬಂದರೆ ಉತ್ತರದಲ್ಲಿ ಒಂದು ಪ್ಯಾರಾ ಕಡ್ಡಾಯ: ‘ಈ ಖಾತೆಗೆ ಬರುವ ಹಣದ ಮೂಲ ಹೀಗಿದೆ.’ ಅವತ್ತೇ ಖಾತೆದಾರರಿಗೂ ಫೋನ್ ಮಾಡುತ್ತೇವೆ. ಅವರು ಚೀಟಿ ಹಿಡಿದು ಕೌಂಟರಿಗೆ ಬಂದಾಗ ಗೊತ್ತಾಗಬಾರದು.

ಮೇಷ್ಟ್ರ ಪೆನ್ಷನ್ ಉಳಿಯಿತು, ಆದರೆ ಜಾಮೀನಿನ ಸಾಲ ಹೋಗಲಿಲ್ಲ. “ಸಹಿ ಹಾಕಿದ್ದು ನಾನೇ” ಅಂತ ಹೇಳಿ ಅವರು ಫೈನಾನ್ಸ್‌ನವರ ಜೊತೆ ಮಾತಾಡಿ, ಬಾಡಿಗೆ ಬರುವ 3,500ರಲ್ಲಿ 3,000ವನ್ನು ತಿಂಗಳು ತಿಂಗಳು ಕಟ್ಟುತ್ತಾ ಬಂದರು. ಕೊನೇ ಕಂತು ಕಟ್ಟಿದ ದಿನ ರಸೀದಿಯ ಜೆರಾಕ್ಸ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಅಸಲು ಪ್ರತಿ ಹಾಲಿನ ಕವರಿನಲ್ಲಿ, ಪಾಸ್‌ಬುಕ್ ಜೊತೆ ಇತ್ತು.